ಎಸ್ಪ್ರೆಸೊ: ಅಂಗಡಿಯ ಯಂತ್ರ, ಮನೆಯ ಲೆಕ್ಕ

ಮನೆಗೊಂದು ಎಸ್ಪ್ರೆಸೊ ಯಂತ್ರ ಕೊಳ್ಳಬೇಕೆಂದು ಹೊರಟವರು ಯಾವ ಕಂಪನಿಯದು ಒಳ್ಳೆಯದು, ಎಷ್ಟು ಬಾರ್‌ನದು ಬೇಕು, ಹಾಲಿಗೆ ನೊರೆ ಬರಿಸುವ ಕೊಳವೆ ಇದೆಯೇ ಎಂದು ವಿಚಾರಿಸುತ್ತಾರೆಯೇ ಹೊರತು, ಆ ಯಂತ್ರ ಯಾರಿಗಾಗಿ, ಯಾವ ಅಗತ್ಯಕ್ಕಾಗಿ ಹುಟ್ಟಿಕೊಂಡಿತೆಂದು ವಿಚಾರಿಸುವುದು ಕಡಿಮೆ. ಎಸ್ಪ್ರೆಸೊ ಎಂದರೆ ನಯವಾಗಿ ಬೀಸಿ ಬಿಲ್ಲೆಯಂತೆ ಒತ್ತಿದ ಕಾಫಿಪುಡಿಯ ಮೂಲಕ ಬಿಸಿನೀರನ್ನು ಹೆಚ್ಚಿನ ಒತ್ತಡದಲ್ಲಿ ಹಾಯಿಸಿ, ಅರ್ಧ ನಿಮಿಷದ ಆಸುಪಾಸಿನಲ್ಲಿ ಇಳಿಸಿಕೊಂಡ ಒಂದೆರಡು ಗುಟುಕಿನ ಮಂದ ಕಾಫಿ. ಇಟಲಿಯ ನಗರಗಳಲ್ಲಿ, ನಿಂತಲ್ಲೇ ಕುಡಿದು ಕೆಲಸಕ್ಕೆ ಓಡುವ ಗಿರಾಕಿಯನ್ನು ಕಾಯಿಸಬಾರದೆಂಬ ಅಂಗಡಿಯವರ ಅಗತ್ಯದಿಂದ ಈ ವಿಧಾನ ರೂಪುಗೊಂಡಿತು. ಅಡುಗೆಮನೆಯಲ್ಲಾದರೋ ಅಂಥ ಗಿರಾಕಿಯೂ ಇಲ್ಲ, ದಿನವಿಡೀ ಬಿಸಿಯಾಗಿಯೇ ಇರುವ ಯಂತ್ರವೂ ಇಲ್ಲ, ಎರಡು ದಿನದಲ್ಲಿ ಖಾಲಿಯಾಗುವ ಬೀಜದ ಚೀಲವೂ ಇಲ್ಲ. ಮನೆಯ ಎಸ್ಪ್ರೆಸೊದ ತಾಪತ್ರಯಗಳಲ್ಲಿ ಹೆಚ್ಚಿನವು ಇಡೀ ಅಂಗಡಿಯೊಂದನ್ನು ಅಡುಗೆಕಟ್ಟೆಯ ಒಂದಡಿ ಜಾಗಕ್ಕೆ ಕುಗ್ಗಿಸುವ ಪ್ರಯತ್ನದಿಂದಲೇ ಬಂದವು. ಆದ್ದರಿಂದ ಯಂತ್ರದ ಆಯ್ಕೆಯೆಂಬುದು ಆ ಅಂಗಡಿಯ ಯಾವ ಭಾಗವನ್ನು ಮನೆಗೆ ತರಲಾದೀತು, ಯಾವುದನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬ ತೀರ್ಮಾನವೇ ಆಗಿದೆ.

ಇತಿಹಾಸ ಈ ಮಾತಿಗೆ ಸಾಕ್ಷಿ ಒದಗಿಸುತ್ತದೆ. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರೂ, ಅದು ಒಟ್ಟಿಗೆ ಹೆಚ್ಚು ಕಾಫಿ ಮಾಡುವ ದೊಡ್ಡ ಹಂಡೆಯಾಗಿತ್ತು; ಒಬ್ಬೊಬ್ಬ ಗಿರಾಕಿಗೂ ಬೇರೆ ಬೇರೆಯಾಗಿ, ಅವನ ಕಣ್ಣೆದುರಿಗೇ ಲೋಟಕ್ಕೆ ಇಳಿಸಿಕೊಡುವ ಯಂತ್ರ ಮಿಲಾನ್‌ನ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದದ್ದು. ಆ ಹಕ್ಕನ್ನು ಕೊಂಡ ದೆಸಿದೇರಿಯೊ ಪಾವೊನಿ ಅದನ್ನು ತಯಾರಿಸಿ ಮಾರತೊಡಗಿದ. ಈ ಯಂತ್ರಗಳಲ್ಲಿ ನೀರನ್ನು ನೂಕುತ್ತಿದ್ದುದು ಬಾಯ್ಲರಿನ ಹಬೆಯೇ ಆದ್ದರಿಂದ ಒತ್ತಡ ಸುಮಾರು ಒಂದೂವರೆ ಬಾರ್ ದಾಟುತ್ತಿರಲಿಲ್ಲ. ಒಂದು ಬಾರ್ ಎಂದರೆ ಸಮುದ್ರಮಟ್ಟದಲ್ಲಿ ವಾತಾವರಣದ ಗಾಳಿ ಹೇರುವಷ್ಟು ಒತ್ತಡ. ಮನೆಯ ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವುದು ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚಿದ್ದಾಗ. ಎಂದರೆ ಇಪ್ಪತ್ತನೆಯ ಶತಮಾನದ ಆರಂಭದ ಎಸ್ಪ್ರೆಸೊ ಕುಕ್ಕರಿನ ಹತ್ತಿರದ ಬಂಧುವಾಗಿತ್ತು, ಮತ್ತು ಕುದಿತಕ್ಕಿಂತ ಹೆಚ್ಚು ಬಿಸಿಯಾದ ನೀರು ತಾಗಿ ಅದರ ಕಾಫಿಗೆ ಸೀದ ವಾಸನೆ ಬರುತ್ತಿತ್ತು. ಹಬೆಯನ್ನು ಬಿಟ್ಟು, ಸ್ಪ್ರಿಂಗ್ ಅಳವಡಿಸಿದ ಸನ್ನೆಯನ್ನೆಳೆದು ಕೊಂತದಿಂದ ನೀರನ್ನು ಒತ್ತುವ ವಿಧಾನವನ್ನು ಆಕಿಲ್ಲೆ ಗಾಜಿಯಾ ಎರಡನೆಯ ಮಹಾಯುದ್ಧದ ಬೆನ್ನಿಗೆ ಮಾರುಕಟ್ಟೆಗೆ ತಂದಾಗ ಒತ್ತಡ ಒಮ್ಮೆಲೇ ಎಂಟೊಂಬತ್ತು ಬಾರ್‌ಗೆ ಏರಿತು, ಮತ್ತು ಲೋಟದ ಮೇಲೆ ಹೊಂಬಣ್ಣದ ದಟ್ಟ ನೊರೆ ಮೊದಲ ಬಾರಿಗೆ ಕಾಣಿಸಿಕೊಂಡಿತು. ಇಟಲಿಯವರು ಕ್ರೆಮಾ, ಎಂದರೆ ಕೆನೆ, ಎಂದು ಕರೆಯುವ ಆ ನೊರೆ ಹುರಿದ ಬೀಜದಲ್ಲಿ ಉಳಿದಿದ್ದ ಇಂಗಾಲದ ಡೈಆಕ್ಸೈಡ್ ಕಾಫಿಯ ಎಣ್ಣೆಯಂಶದೊಡನೆ ಬೆರೆತು ಉಂಟಾಗುವಂಥದು. 1961ರಲ್ಲಿ ಬಂದ ಫಯೇಮಾ ಕಂಪನಿಯ ಇ-61 ಎಂಬ ಯಂತ್ರ ಸನ್ನೆಯ ಕೆಲಸವನ್ನು ವಿದ್ಯುತ್ ಪಂಪಿಗೆ ಒಪ್ಪಿಸಿತು. ಇಂದಿನ ಅಂಗಡಿ ಯಂತ್ರಗಳು ಬಹುಮಟ್ಟಿಗೆ ಅದರ ಸಂತಾನ.

ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಎಸ್ಪ್ರೆಸೊವನ್ನು ಕಂಡುಹಿಡಿದ ಇಟಲಿಯವರೇ ಅದನ್ನು ಬಹಳಮಟ್ಟಿಗೆ ಅಂಗಡಿಗೆ ಬಿಟ್ಟುಕೊಟ್ಟು, ಮನೆಯಲ್ಲಿ ಮೋಕಾ ಎಂಬ ಒಲೆಯ ಮೇಲಿಡುವ ಎಂಟುಮೂಲೆಯ ಅಲ್ಯೂಮಿನಿಯಂ ಪಾತ್ರೆಯನ್ನು ಬಳಸುತ್ತ ಬಂದಿದ್ದಾರೆ. ಅಲ್ಫೊನ್ಸೊ ಬಿಯಾಲೆಟ್ಟಿಯ ಹೆಸರಿನೊಂದಿಗೆ 1933ರಿಂದ ಗುರುತಿಸಲಾಗುವ ಆ ಪಾತ್ರೆ ಕರ್ನಾಟಕದ ಮನೆಗಳ ಫಿಲ್ಟರಿನ ಸ್ಥಾನದಲ್ಲಿ ನಿಲ್ಲುತ್ತದೆ: ಅಗ್ಗ, ಗಟ್ಟಿಮುಟ್ಟು, ಕೆಡುವುದಕ್ಕೆ ಹೆಚ್ಚೇನೂ ಇಲ್ಲದ ವಸ್ತು. ಮನೆಯಲ್ಲಿ ಎಸ್ಪ್ರೆಸೊ ಮಾಡುವುದು ಆ ದೇಶದಲ್ಲಿಯೂ ಹವ್ಯಾಸಿಗಳ ಕೆಲಸವೇ ಆಗಿದ್ದಾಗ, ಇಲ್ಲಿ ಅದನ್ನು ಫಿಲ್ಟರ್ ಕಾಫಿಯ ಮುಂದಿನ ಮೆಟ್ಟಿಲೆಂದು ತಿಳಿಯುವುದಕ್ಕೆ ಆಧಾರವಿಲ್ಲ.

ಅಂಗಡಿಯ ಭಾಗಗಳಲ್ಲಿ ಮನೆಗೆ ತರಲು ಅತ್ಯಂತ ಸುಲಭವಾದದ್ದು ಒತ್ತಡ. ಜಾಹೀರಾತುಗಳು ಹೆಚ್ಚಾಗಿ ಸಾರುವುದೂ ಅದನ್ನೇ. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್. ಪುಡಿ ತುಂಬುವ ಜರಡಿ ಬಟ್ಟಲಿನ ವ್ಯಾಸ ಅಂಗಡಿಯ ಅಳತೆಯಲ್ಲಿ 58 ಮಿಲಿಮೀಟರ್ ಇರುವುದರಿಂದ, ಆ ಒತ್ತಡದಲ್ಲಿ ಪುಡಿಯ ಬಿಲ್ಲೆಯ ಮೇಲೆ ಬೀಳುವ ಒಟ್ಟು ಭಾರ ಲೆಕ್ಕ ಹಾಕಿದರೆ ಸುಮಾರು 240 ಕಿಲೋ ಆಗುತ್ತದೆ. ಹಿಡಿಯುಳ್ಳ ಆ ಬಟ್ಟಲನ್ನು ಯಂತ್ರದ ಕೊರಳಿಗೆ ಬಿಗಿಯಾಗಿ ತಿರುಪಿ ಕೂರಿಸುವುದು ಅದಕ್ಕಾಗಿಯೇ. ಇಷ್ಟು ದೊಡ್ಡ ಬಲವನ್ನು ಹುಟ್ಟಿಸುವ ಪಂಪು ಮಾತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅಗ್ಗದ್ದು. ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಹಿಂದುಮುಂದಾಗಿ ಅದುರುತ್ತ ಕೆಲಸ ಮಾಡುವ ಅದರ ಗುರ್ರೆಂಬ ಸದ್ದು ಬೆಳಗಿನ ಐದೂವರೆಗೆ ಪಕ್ಕದ ಕೋಣೆಯವರನ್ನು ಎಬ್ಬಿಸಲು ಸಾಕು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 15 ಬಾರ್, 20 ಬಾರ್ ಎಂಬ ಅಂಕಿಗಳು ಈ ಪಂಪಿಗೆ ಸಾಧ್ಯವಾಗುವ ಗರಿಷ್ಠ ಒತ್ತಡವನ್ನು ಹೇಳುತ್ತವೆಯೇ ವಿನಾ ಕಾಫಿಯ ಗುಣಮಟ್ಟವನ್ನಲ್ಲ; ಒಳ್ಳೆಯ ಯಂತ್ರದಲ್ಲಿ ಹೆಚ್ಚಿನ ಒತ್ತಡವನ್ನು ಹೊರಬಿಟ್ಟು ಅದನ್ನು 9ರ ಹತ್ತಿರಕ್ಕೆ ಇಳಿಸುವ ಕವಾಟವೊಂದಿರುತ್ತದೆ, ಮತ್ತು ಆ ಕವಾಟವೇ ಆ ಅಂಕಿಗಿಂತ ಮುಖ್ಯ.

ಶಾಖ ಇದಕ್ಕಿಂತ ಕಷ್ಟದ್ದು. ನೀರು ಪುಡಿಯನ್ನು ಮುಟ್ಟುವಾಗ 90ರಿಂದ 96 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇರಬೇಕು ಮತ್ತು ಹಾಯುವಷ್ಟು ಹೊತ್ತೂ ಹೆಚ್ಚು ಏರಿಳಿಯಬಾರದು. ಅಂಗಡಿಯ ಯಂತ್ರ ಕಿಲೋಗಟ್ಟಲೆ ಹಿತ್ತಾಳೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಕಾಯಿಸಿಟ್ಟುಕೊಂಡು ಇದನ್ನು ಸಾಧಿಸುತ್ತದೆ. ಮನೆಯ ಯಂತ್ರಗಳಲ್ಲಿ ಒಂದೇ ಚಿಕ್ಕ ಬಾಯ್ಲರ್ ಇರುವಂಥದು ಕಾಫಿಗೆ ಒಂದು ಉಷ್ಣಾಂಶ, ಹಾಲಿನ ಹಬೆಗೆ ಅದಕ್ಕಿಂತ ಹೆಚ್ಚಿನ ಇನ್ನೊಂದು ಉಷ್ಣಾಂಶ ಬೇಕಾಗುವುದರಿಂದ ಎರಡರ ನಡುವೆ ಕಾಫಿ ಮಾಡುವವರನ್ನು ಕಾಯುವಂತೆ ಮಾಡುತ್ತದೆ. ಹಬೆಯ ಬಾಯ್ಲರಿನೊಳಗೆ ಕಾಫಿಯ ನೀರಿನ ಕೊಳವೆಯನ್ನು ಹಾಯಿಸಿದಂಥದು ಎರಡನ್ನೂ ಏಕಕಾಲಕ್ಕೆ ಕೊಟ್ಟರೂ ಬಹಳ ಹೊತ್ತು ಸುಮ್ಮನಿದ್ದರೆ ಕೊಳವೆಯೊಳಗಿನ ನೀರು ಮಿತಿಮೀರಿ ಕಾಯುತ್ತದೆ. ಎರಡು ಬಾಯ್ಲರಿನದು ಇವೆರಡು ತೊಂದರೆಯನ್ನೂ ನೀಗಿಸಿ ಬೆಲೆಯಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ಯಾವುದನ್ನು ಕೊಂಡರೂ ಲೋಹ ಪೂರ್ತಿ ಬಿಸಿಯಾಗುವ ಮೊದಲೇ ದೀಪ ಹಸಿರಾಗಿ ಅವಸರದವರನ್ನು ಮೋಸಗೊಳಿಸುತ್ತದೆ, ಮತ್ತು ದಪ್ಪ ಹಿತ್ತಾಳೆಯ ಕೊರಳಿರುವ ಯಂತ್ರಕ್ಕೆ ಇಪ್ಪತ್ತು ನಿಮಿಷ ಮೀಸಲಿಡುವುದು ಕ್ಷೇಮ. 1200ರಿಂದ 1500 ವ್ಯಾಟಿನ ಈ ಕಾಯಿಲುಗಳನ್ನು ಮಿಕ್ಸಿಯ ಚಿಕ್ಕ ಪ್ಲಗ್ಗಿಗೆ ಚುಚ್ಚದೆ 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೆ ಹಾಕಬೇಕು. ಅಮೆರಿಕದಿಂದ ನೆಂಟರು ಹೊತ್ತು ತರುವ 120 ವೋಲ್ಟಿನ ಯಂತ್ರ ಅಗ್ಗವಾಗಿ ಕಂಡರೂ ಇಲ್ಲಿಯ 230 ವೋಲ್ಟಿಗೆ ಬರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದೂ, ಕೊಳ್ಳುವವರು ಎಲ್ಲಕ್ಕಿಂತ ಕಡಿಮೆ ಯೋಚಿಸುವುದೂ ಪುಡಿಯ ವಿಷಯ. ಎಸ್ಪ್ರೆಸೊದಲ್ಲಿ ನೀರಿಗೆ ತಡೆಯೊಡ್ಡುವುದು ಪುಡಿಯೇ; ಪಂಪು ಎಷ್ಟು ಬಲವಾಗಿ ನೂಕಿದರೂ ಪುಡಿ ತರಿಯಾಗಿದ್ದರೆ ಒತ್ತಡವೇ ಏಳುವುದಿಲ್ಲ, ಹಿಟ್ಟಿನಂತಿದ್ದರೆ ಹನಿಯೂ ಇಳಿಯುವುದಿಲ್ಲ. ಬೇಕಾದ ಹದ ಚಿರೋಟಿ ರವೆಗಿಂತ ನಯ, ಗೋಧಿಹಿಟ್ಟಿಗಿಂತ ತರಿ. ಆ ಕಿರಿದಾದ ನಡುವಿನಲ್ಲಿಯೂ ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ಲೋಟದ ರುಚಿ ಬದಲಾಗುತ್ತದೆ. ರೂಢಿಯ ಅಳತೆಯಂತೆ 18 ಗ್ರಾಂ ಪುಡಿಗೆ ಒಂದಕ್ಕೆರಡರ ಪ್ರಮಾಣದಲ್ಲಿ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಹದ ಸರಿಯಿದ್ದರೆ ಮೊದಲ ಐದಾರು ಸೆಕೆಂಡು ಏನೂ ಕಾಣಿಸದೆ, ಆಮೇಲೆ ಜರಡಿಯ ತಳದಲ್ಲಿ ಕಪ್ಪು ಬೆವರು ಒಡೆದು, ಜೋನಿಬೆಲ್ಲದ ಎಳೆಯಂತೆ ಮಂದವಾಗಿ ಇಳಿಯತೊಡಗಿ, ಬಣ್ಣ ಕಪ್ಪಿನಿಂದ ಕಂದಿಗೆ, ಕಂದಿನಿಂದ ತೆಳು ಹೊಂಬಣ್ಣಕ್ಕೆ ತಿರುಗುತ್ತದೆ. ಹದ ತಪ್ಪಿದ್ದರೆ ಹನ್ನೆರಡು ಸೆಕೆಂಡಿನಲ್ಲಿಯೇ ಲೋಟ ತುಂಬಿ ಕಾಫಿ ಹುಳಿಯಾಗುತ್ತದೆ, ಇಲ್ಲವೇ ಒಂದು ನಿಮಿಷ ತೊಟ್ಟಿಕ್ಕಿ ಬೇವಿನ ಕಷಾಯವಾಗುತ್ತದೆ. ಪುಡಿ ಸಮನಾಗಿ ಹರಡಿರುವುದೂ ಅಷ್ಟೇ ಅಗತ್ಯ. ಗದ್ದೆಯ ಬದುವಿನಲ್ಲಿ ಏಡಿ ತೋಡಿದ ಒಂದು ಬಿಲವಿದ್ದರೆ ಕಟ್ಟಿದ ನೀರೆಲ್ಲ ಅದರಲ್ಲಿಯೇ ಹರಿದುಹೋಗುವಂತೆ, ಬಿಲ್ಲೆಯಲ್ಲಿ ಎಲ್ಲಿಯೋ ಒಂದು ಬಿರುಕಿದ್ದರೆ ಒತ್ತಡದ ನೀರು ಆ ದಾರಿಯನ್ನೇ ಹಿಡಿದು, ಅಲ್ಲಿನ ಪುಡಿಯನ್ನು ಹಿಂಡಿ ಕಹಿಯಾಗಿಸಿ, ಉಳಿದ ಪುಡಿಯನ್ನು ಮುಟ್ಟದೆ ಬಿಡುತ್ತದೆ.

ಮಿಕ್ಸಿಯ ಜಾರು ಈ ಕೆಲಸಕ್ಕೆ ಒದಗದು. ಅದು ಬೀಸುವುದಿಲ್ಲ, ಕೊಚ್ಚುತ್ತದೆ, ಆದ್ದರಿಂದ ಧೂಳೂ ನುಚ್ಚೂ ಒಟ್ಟಿಗೆ ಬರುತ್ತವೆ. ಬೇಕಾದದ್ದು ರಾಗಿಕಲ್ಲಿನ ತತ್ತ್ವದ ಮೇಲೆ ನಡೆಯುವ, ಎರಡು ಹಲ್ಲುಗಾಲಿಗಳ ನಡುವಿನ ಅಂತರವನ್ನು ಸೂಕ್ಷ್ಮವಾಗಿ ಹೊಂದಿಸಬಹುದಾದ ಗ್ರೈಂಡರ್. ಅಂಗಡಿಯಲ್ಲಿ ಬೆಳಿಗ್ಗೆ ಒಮ್ಮೆ ಹೊಂದಿಸಿದ ಗ್ರೈಂಡರ್, ನೂರಾರು ಲೋಟಗಳ ಓಟದಲ್ಲಿ ಸಂಜೆಯವರೆಗೆ ಬಹುಪಾಲು ಅದೇ ಹದದಲ್ಲಿ ನಡೆಯುತ್ತದೆ. ಮನೆಯಲ್ಲಿ 250 ಗ್ರಾಂ ಬೀಜದ ಪೊಟ್ಟಣ 18 ಗ್ರಾಮಿನ ಲೆಕ್ಕದಲ್ಲಿ ಹದಿಮೂರು ಬಾರಿಗೆ ಬರುತ್ತದೆ. ಹೊಸ ಪೊಟ್ಟಣ ಒಡೆದಾಗ ಹದ ಹಿಡಿಯುವಷ್ಟರಲ್ಲಿ ಎರಡು ಮೂರು ಬಾರಿಯದು ಸಿಂಕಿಗೆ ಹೋಗುತ್ತದೆ. ಉಳಿದದ್ದು ಮುಗಿಯುವಷ್ಟರಲ್ಲಿ ವಾರ ಎರಡು ವಾರ ಕಳೆದು, ಬೀಜದೊಳಗಿನ ಅನಿಲ ಸೋರಿ, ಮೊನ್ನೆ ಸರಿಯಿದ್ದ ಹದ ಇಂದು ಸಡಿಲವಾಗಿರುತ್ತದೆ. ಒಟ್ಟು ಹಣದಲ್ಲಿ ಅರ್ಧದಷ್ಟನ್ನು ಗ್ರೈಂಡರಿಗೆ ಎತ್ತಿಡಬೇಕೆಂಬ ಬಲ್ಲವರ ಮಾತು ಅತಿಶಯೋಕ್ತಿಯಂತೆ ಕೇಳಿಸುತ್ತದೆ; ಆದರೆ ಸಾಧಾರಣ ಯಂತ್ರ ಒಳ್ಳೆಯ ಪುಡಿಯಿಂದ ಕುಡಿಯುವಂಥ ಕಾಫಿ ಕೊಡಬಲ್ಲದು, ಕೆಟ್ಟ ಪುಡಿಯಿಂದ ಒಳ್ಳೆಯ ಕಾಫಿ ಕೊಡಬಲ್ಲ ಯಂತ್ರವಿಲ್ಲ.

ಹತ್ತು ಸಾವಿರ ರೂಪಾಯಿಯೊಳಗಿನ ಯಂತ್ರಗಳು ಈ ತೊಡಕನ್ನು ಒಂದು ಉಪಾಯದಿಂದ ದಾಟುತ್ತವೆ. ಅವುಗಳ ಜರಡಿಗೆ ಎರಡು ತಳ. ಮೇಲಿನ ತಳದಲ್ಲಿ ನೂರಾರು ತೂತು, ಕೆಳಗಿನದರಲ್ಲಿ ಸೂಜಿಮೊನೆಯಷ್ಟು ಒಂದೇ ತೂತು. ನೀರನ್ನು ತಡೆಯುವುದು ಪುಡಿಯ ಬದಲಾಗಿ ಆ ತೂತೇ ಆದ್ದರಿಂದ ಯಾವ ಪುಡಿ ಹಾಕಿದರೂ ಒತ್ತಡ ಏಳುತ್ತದೆ, ತೂತಿನಿಂದ ಚಿಮ್ಮುವ ರಭಸಕ್ಕೆ ನೊರೆಯೂ ಬರುತ್ತದೆ. ಇದನ್ನು ಮೋಸವೆನ್ನಬೇಕಿಲ್ಲ, ಅಂಗಡಿಯಲ್ಲಿ ಬೀಸಿಸಿಕೊಂಡು ಬಂದ ಪುಡಿಗೆ ಅದು ತಕ್ಕ ಏರ್ಪಾಡು. ಆದರೆ ಅದೇ ಪುಡಿಯಿಂದ ಫಿಲ್ಟರ್ ಅದಕ್ಕಿಂತ ರುಚಿಯಾದ ಡಿಕಾಕ್ಷನ್ ಇಳಿಸುತ್ತದೆ ಎಂಬುದನ್ನು ನೆನೆದರೆ ಖರ್ಚಿನ ಅರ್ಥ ಮಸುಕಾಗುತ್ತದೆ. ಬೀಜದ ಬದಲು ಮೊದಲೇ ಬೀಸಿ ಮುಚ್ಚಿದ ಡಬ್ಬಿಗಳನ್ನು ನುಂಗುವ ಕ್ಯಾಪ್ಸೂಲ್ ಯಂತ್ರಗಳು, 1986ರಲ್ಲಿ ನೆಸ್ಪ್ರೆಸೊ ತೆರೆದ ದಾರಿ, ಗ್ರೈಂಡರನ್ನು ಕಾರ್ಖಾನೆಯಲ್ಲಿಯೇ ಇಟ್ಟುಕೊಂಡು ಬಳಸುವವರನ್ನು ಒಬ್ಬ ಮಾರಾಟಗಾರನಿಗೆ ಕಟ್ಟಿಹಾಕುತ್ತವೆ. ನಿತ್ಯ ಒಂದೇ ರುಚಿ, ಒಂದೇ ಗುಂಡಿ ಸಾಕೆನ್ನುವವರಿಗೆ ಅದು ನ್ಯಾಯವಾದ ವ್ಯಾಪಾರವೇ. ಕಾಫಿಯ ಸೀಮೆಯಲ್ಲಿದ್ದುಕೊಂಡು ದೂರದಲ್ಲೆಲ್ಲೋ ಬೀಸಿದ ಪುಡಿಯನ್ನು ತರಿಸುವುದು ಮಾತ್ರ ಸ್ವಲ್ಪ ವಿಚಿತ್ರ.

ಬೀಜದ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವೂ ಒಂದು ತೊಡಕೂ ಇವೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲಿಯೂ ಕೊಡಗು ಮುಂದು. ದೇಶದ ಬೆಳೆಯಲ್ಲಿ ಹೆಚ್ಚಿನ ಪಾಲು ರೋಬಸ್ಟಾ. ಕಹಿ ಹೆಚ್ಚೆಂದು ಅರೇಬಿಕಾ ಪ್ರಿಯರು ಮೂಗು ಮುರಿಯುವ ಈ ರೋಬಸ್ಟಾ ಎಸ್ಪ್ರೆಸೊಗೆ ದಟ್ಟ ಕೆನೆಯನ್ನೂ ಮೈಯನ್ನೂ ಕೊಡುವುದರಿಂದ ಇಟಲಿಯವರು ತಮ್ಮ ಮಿಶ್ರಣಗಳಿಗೆ ಅದನ್ನು ಬಹುಕಾಲದಿಂದ ಸೇರಿಸುತ್ತ ಬಂದಿದ್ದಾರೆ, ಮತ್ತು ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿಗೆ ಮೊದಲ ಸಾಲಿನ ಸ್ಥಾನವಿದೆ. ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೀಜವನ್ನು ಹರಡಿ ಉಬ್ಬಿಸಿ, ಹುಳಿ ಇಳಿಸಿದ ಮಾನ್ಸೂನ್ಡ್ ಮಲಬಾರ್ ಕೂಡ ಎಸ್ಪ್ರೆಸೊ ಮಿಶ್ರಣಕ್ಕೆ ಹೇಳಿ ಮಾಡಿಸಿದಂಥದು. ಹೀಗಿರುವಾಗ ಬೆಂಗಳೂರಿನಲ್ಲಿ ಇಟಲಿಯ ಡಬ್ಬಿಯನ್ನು ದುಬಾರಿ ಬೆಲೆಗೆ ಕೊಳ್ಳುವವರು ಮಡಿಕೇರಿಯ ಕಡೆಯ ಬೀಜವನ್ನೇ ಸಮುದ್ರ ಸುತ್ತಿಸಿ ತರಿಸಿಕೊಳ್ಳುತ್ತಿರಬಹುದು, ಅದೂ ಹುರಿದು ತಿಂಗಳುಗಳಾದ ಮೇಲೆ. ಹುರಿದ ದಿನಾಂಕ ಬರೆದು ಮಾರುವ ಹತ್ತಿರದ ಹುರಿಯುವವರ ಬೀಜವನ್ನು ಒಂದು ವಾರ ಆರಲು ಬಿಟ್ಟು ಬಳಸುವುದು ಅದಕ್ಕಿಂತ ಮೇಲು.

ತೊಡಕು ಚಿಕೋರಿಯದು. ಬೀದಿಯ ಮೂಲೆಯ ಕಾಫಿಪುಡಿ ಅಂಗಡಿಯಲ್ಲಿ ಎಂಬತ್ತಕ್ಕೆ ಇಪ್ಪತ್ತರಂತೆ ಬೆರೆಸಿ ಬಿಸಿಬಿಸಿಯಾಗಿ ಕಟ್ಟಿಕೊಡುವ ಪುಡಿ ಫಿಲ್ಟರಿಗೆ ಹೊಂದಿಕೊಂಡದ್ದು. ಚಿಕೋರಿ ನೀರು ಹೀರಿ ಊದಿಕೊಂಡು ಇಳಿಯುವಿಕೆಯನ್ನು ನಿಧಾನಗೊಳಿಸಿ, ತಾನೂ ಧಾರಾಳವಾಗಿ ಕರಗಿ, ಡಿಕಾಕ್ಷನ್ನಿಗೆ ಮಂದತನ ಕೊಡುತ್ತದೆ. ಭೂಮಿಯ ಸೆಳೆತವೊಂದನ್ನೇ ನಂಬಿದ ಫಿಲ್ಟರಿನಲ್ಲಿ ಗುಣವಾದ ಇದೇ ಊದುವಿಕೆ ಎಸ್ಪ್ರೆಸೊ ಜರಡಿಯಲ್ಲಿ ದೋಷವಾಗಿ, ಬಿಲ್ಲೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಎಸ್ಪ್ರೆಸೊಗೆ ಚಿಕೋರಿಯಿಲ್ಲದ ಬೀಜವೇ ಬೇಕು.

ನೀರಿನ ಲೆಕ್ಕವನ್ನು ಯಂತ್ರ ಕೆಟ್ಟ ಮೇಲೆ ಮಾಡುವವರೇ ಹೆಚ್ಚು. ಬೋರ್‌ವೆಲ್ಲಿನ ಗಡಸು ನೀರು ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿಯ ಸುಣ್ಣವನ್ನೇ ಬಾಯ್ಲರಿನೊಳಗೂ ಕಟ್ಟಿ, ತೆಳುವಾದ ಕೊಳವೆಗಳನ್ನು ಮುಚ್ಚುತ್ತದೆ. ಹಾಗೆಂದು ಖನಿಜವನ್ನೆಲ್ಲ ತೆಗೆದ ಆರ್‌ಓ ನೀರನ್ನೇ ತುಂಬಿದರೆ ಕಾಫಿ ಸಪ್ಪೆಯಾಗುವುದಲ್ಲದೆ, ನೀರಿನ ಮಟ್ಟವನ್ನು ವಿದ್ಯುತ್ ಹರಿವಿನಿಂದ ಅಳೆಯುವ ಕೆಲವು ಬಾಯ್ಲರುಗಳಿಗೆ ಒಳಗೆ ನೀರಿದೆಯೆಂದೇ ತಿಳಿಯುವುದಿಲ್ಲ. ಎರಡನ್ನೂ ಬೆರೆಸಿ ನಡುವಣ ಹದದಲ್ಲಿ ಬಳಸುವುದು ಕಾಸಿನ ಖರ್ಚಿಲ್ಲದ ಪರಿಹಾರ. ಕೊರಳಿನ ರಬ್ಬರ್ ವಾಷರ್ ಶಾಖಕ್ಕೆ ಗಟ್ಟಿಯಾಗಿ ವರ್ಷ ಎರಡು ವರ್ಷಕ್ಕೊಮ್ಮೆ ಬದಲಿ ಕೇಳುತ್ತದೆ. ಇಂಥ ಬಿಡಿಭಾಗ ಊರಿನಲ್ಲಿ ಸಿಗುತ್ತದೆಯೇ, ಯಂತ್ರದ ಮೈ ಸ್ಕ್ರೂಡ್ರೈವರಿನಿಂದ ಬಿಚ್ಚುವಂಥದೇ, ಇಲ್ಲವೇ ಪ್ಲಾಸ್ಟಿಕ್ಕಿನಲ್ಲಿ ಬೆಸೆದು ಮುಚ್ಚಿದ್ದೇ ಎಂಬ ಪ್ರಶ್ನೆಗಳು ಪರದೆ, ಗುಂಡಿ, ದೀಪಗಳ ಬಗೆಗಿನ ಪ್ರಶ್ನೆಗಳಿಗಿಂತ ಮುಖ್ಯ. 1990ರ ದಶಕದಲ್ಲಿ ಬಂದ ಗಾಜಿಯಾ ಕ್ಲಾಸಿಕ್, ರಾಂಚಿಲಿಯೊ ಸಿಲ್ವಿಯಾದಂಥ ಒಂದೇ ಬಾಯ್ಲರಿನ ಸರಳ ಯಂತ್ರಗಳಿಗೆ ಇಂದಿಗೂ ಅಭಿಮಾನಿಗಳಿರುವುದಕ್ಕೆ ಅವು ಬಿಚ್ಚಿ ಜೋಡಿಸಬಹುದಾದವು ಎಂಬುದೇ ದೊಡ್ಡ ಕಾರಣ.

ಹಾಲಿನ ವಿಷಯದಲ್ಲಿ ಎರಡು ಕಾಫಿ ಸಂಸ್ಕೃತಿಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ. ಕಾಪುಚಿನೊದ ಹಾಲನ್ನು ತಣ್ಣಗಿರುವಾಗಲೇ ಹಬೆಗೆ ಒಡ್ಡಿ 60ರಿಂದ 65 ಡಿಗ್ರಿಗೆ ನಿಲ್ಲಿಸಬೇಕು; ಅದಕ್ಕಿಂತ ತೀರ ಮೇಲೇರಿದರೆ ರೇಷ್ಮೆಯಂಥ ನೊರೆ ಒಡೆದು ಕಾಯಿಸಿದ ಹಾಲಿನ ವಾಸನೆ ಬರುತ್ತದೆ. ಕನ್ನಡದ ಮನೆಗಳಲ್ಲಿ ಆ ಕಾಯಿಸಿದ ಹಾಲಿನ ವಾಸನೆಯೇ ಕಾಫಿಯ ಅರ್ಧ ಪರಿಮಳ, ಮತ್ತು ಉಕ್ಕಿ ಬಂದ ಹಾಲನ್ನು ಬೆರೆಸಿ ಲೋಟದ ಅಂಚು ತುಟಿ ಸುಡುವಂತಿದ್ದರೆ ಮಾತ್ರ ಅದು ಕಾಫಿ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದಂದಿನಿಂದ ಒಂದು ಪೀಳಿಗೆ ಕಾಪುಚಿನೊಗೆ ನಾಲಗೆ ಹದಗೊಳಿಸಿಕೊಂಡಿದ್ದರೂ, ನಲವತ್ತು ಸೆಕೆಂಡು ಶ್ರಮಪಟ್ಟು ಮೇಲೆ ಎಲೆಯ ಚಿತ್ತಾರ ಬಿಡಿಸಿ ಕೊಟ್ಟದ್ದನ್ನು ಮನೆಯ ಹಿರಿಯರು ಒಂದು ಗುಟುಕು ಕುಡಿದು ‘ಆರಿಹೋಗಿದೆ, ಸ್ವಲ್ಪ ಬಿಸಿ ಮಾಡಿ ಕೊಡು’ ಎಂದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಮನೆಗೆ ಎಷ್ಟು ಹಣ ಕೊಟ್ಟರೂ ತರಲಾಗದ ಭಾಗವೆಂದರೆ ಗಿರಾಕಿಗಳ ಸಾಲು, ಎಂದರೆ ಒಂದರ ಹಿಂದೊಂದು ಲೋಟ ಇಳಿಸುತ್ತ ಹೋಗುವ ಓಟ. ನಾಲ್ಕು ಜನ ನೆಂಟರು ಒಮ್ಮೆಲೇ ಬಂದಾಗ ಒಂದು ಬಾಯ್ಲರಿನ ಯಂತ್ರದಲ್ಲಿ ಪುಡಿ ಬೀಸಿ, ಒತ್ತಿ, ಇಳಿಸಿ, ಹಬೆಗಾಗಿ ಕಾದು, ಹಾಲು ನೊರೆ ಮಾಡಿ, ಮತ್ತೆ ತಣಿಸಿ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯವರು ಕುಡಿದು ಲೋಟ ಕೆಳಗಿಟ್ಟಿರುತ್ತಾರೆ, ಕಾಫಿ ಮಾಡುವವರು ಮಾತಿನಿಂದ ಹೊರಗುಳಿದಿರುತ್ತಾರೆ. ರಾತ್ರಿಯೇ ಇಳಿಸಿಟ್ಟ ಒಂದು ಫಿಲ್ಟರ್ ಡಿಕಾಕ್ಷನ್ ಅದೇ ಹೊತ್ತಿನಲ್ಲಿ ಇಡೀ ಮನೆಗೆ ಕಾಫಿ ಕೊಟ್ಟು ಮುಗಿಸುತ್ತದೆ. ಎಸ್ಪ್ರೆಸೊ ಒಬ್ಬರಿಗಾಗಿ ಒಮ್ಮೆಗೆ ಒಂದರಂತೆ ಮಾಡುವ ಕಾಫಿ. ಅವಿಭಕ್ತ ಕುಟುಂಬದ ಬೆಳಗಿಗೆ ಅದು ಒಗ್ಗುವುದಿಲ್ಲ.

ಈ ಎಲ್ಲ ಲೆಕ್ಕದಿಂದ ಹೊರಡುವ ತೀರ್ಮಾನ ಮನೆಮನೆಗೂ ಬೇರೆಯಾಗುತ್ತದೆ. ಹಾಲು ಬೆರೆಸಿದ ಬಿಸಿ ಕಾಫಿಯೇ ಬೇಕಾದ ಮನೆಗೆ ಎಸ್ಪ್ರೆಸೊ ಯಂತ್ರ ಬೇಡ, ಎಷ್ಟು ಅಗ್ಗವಾಗಿ ಸಿಕ್ಕಿದರೂ ಬೇಡ. ಹಾಲಿಲ್ಲದ ಆ ಎರಡು ಗುಟುಕಿನ ರುಚಿ ಹತ್ತಿ, ದಿನಕ್ಕೆ ಒಂದೆರಡು ಬಾರಿ ಒಬ್ಬರಿಗೋ ಇಬ್ಬರಿಗೋ ಮಾಡಿಕೊಳ್ಳುವವರಿಗೆ ಕೈಯಿಂದಲೇ ಒತ್ತುವ ಸನ್ನೆಯ ಯಂತ್ರ ಹೆಚ್ಚು ಜನ ಊಹಿಸುವುದಕ್ಕಿಂತ ಒಳ್ಳೆಯ ಆಯ್ಕೆ: ಬಾಯ್ಲರಿಲ್ಲದ ಅಂಥ ಯಂತ್ರಕ್ಕೆ ಪಂಪಿಲ್ಲ, ಸದ್ದಿಲ್ಲ, ಸುಣ್ಣ ಕಟ್ಟುವ ಭಯವಿಲ್ಲ, ಮಳೆಗಾಲದಲ್ಲಿ ಕರೆಂಟು ಹೋಗುವ ಮಲೆನಾಡಿನಲ್ಲಿಯೂ ಗ್ಯಾಸಿನ ಮೇಲೆ ಕಾಯಿಸಿದ ನೀರು ಸಾಕು. ಹಾಲಿನ ನೊರೆಯೂ ಬೇಕೆನ್ನುವವರು ಬಿಚ್ಚಿ ರಿಪೇರಿ ಮಾಡಬಹುದಾದ ಒಂದು ಬಾಯ್ಲರಿನ ಯಂತ್ರಕ್ಕೆ ನಿಲ್ಲಬಹುದು, ಎರಡು ಬಾಯ್ಲರಿನದನ್ನು ದಿನಕ್ಕೆ ಐದಾರು ಲೋಟ ಮಾಡುವವರಿಗೆ ಬಿಡಬಹುದು. ಯಾವುದನ್ನೂ ಇನ್ನೂ ಕೊಳ್ಳದವರು ಮೊದಲು, ಎಸ್ಪ್ರೆಸೊದಷ್ಟು ನಯಕ್ಕೆ ಹೊಂದಿಸಬಲ್ಲ ಕೈಗ್ರೈಂಡರ್ ಒಂದನ್ನೇ ತಂದು, ಒಂದು ತಿಂಗಳು ಪ್ರತಿ ಬೆಳಿಗ್ಗೆ ಬೀಜ ತೂಗಿ, ಹಿಡಿ ತಿರುಗಿಸಿ ನೋಡಲಿ. ಮೂವತ್ತನೆಯ ದಿನವೂ ಬೇಸರವಾಗದಿದ್ದರೆ ಯಂತ್ರದ ಅಂಗಡಿಗೆ ಹೋಗಬಹುದು, ಬೇಸರವಾದರೆ ನಷ್ಟವೇನಿಲ್ಲ, ಆ ಗ್ರೈಂಡರ್ ಫಿಲ್ಟರಿಗೂ ಆಗುತ್ತದೆ.